ಕಾರ್ ರೇಡಿಯೊ ಬದಲಾವಣೆ: ಕಲಬುರಗಿಯ ಹಳೆಯ ಚಿಕ್ಕ ಕಾರುಗಳಲ್ಲಿ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮೊದಲಿನಿಂದ ಇದ್ದ ರೇಡಿಯೊ, ಕ್ಯಾಸೆಟ್ ಅಥವಾ ಸಿ.ಡಿ. ಸೆಟ್ಟನ್ನು ಕಳಚಿ ಆ ಜಾಗದಲ್ಲಿ ಬೇರೊಂದನ್ನು ಅಳವಡಿಸುವ ಕೆಲಸ. ಕಲಬುರಗಿ ಕಡೆಯ ಆಡುಮಾತಿನಲ್ಲಿ ‘ಟೇಪ್ ಕೂಡಿಸೋದು’. ಹದಿನೈದು ವರ್ಷ ದಾಟಿದ ಚಿಕ್ಕ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡವರು ಸೀಟ್ ಕವರ್ ಆದಮೇಲೆ ಕೈ ಹಾಕುವುದು ಸಾಮಾನ್ಯವಾಗಿ ಇದಕ್ಕೇ. ಫೋನಿನ ಹಾಡು ಕಾರಿನಲ್ಲಿ ಕೇಳಬೇಕು, ರಿವರ್ಸ್ ತೆಗೆಯುವಾಗ ಕ್ಯಾಮೆರಾ ಬೇಕು, ಹಳೆಯ ಸೆಟ್ಟಿನ ಗುಂಡಿ ಸವೆದು ಅಕ್ಷರ ಅಳಿಸಿದೆ: ಕಾರಣಗಳು ಇಷ್ಟೇ. ಅಂಗಡಿಯಲ್ಲಿ ಗಿರಾಕಿ ನೋಡುವುದು ಪರದೆಯನ್ನು. ಕೆಲಸ ಕೆಟ್ಟಿತೋ ಚೆನ್ನಾಯಿತೋ ಎಂಬುದು ಗೊತ್ತಾಗುವುದು ಪರದೆಯ ಹಿಂದಿನ ವೈರಿನಲ್ಲಿ, ಏರಿಯಲ್ಲಿನಲ್ಲಿ. ಕಲಬುರಗಿಯ ಮಟ್ಟಿಗೆ ಏರಿಯಲ್ಲಿನ ಕಥೆಗೆ ತನ್ನದೇ ತೊಡಕುಗಳಿವೆ.

ಹಿನ್ನೆಲೆ

ಅಮೆರಿಕದ ಗ್ಯಾಲ್ವಿನ್ ಸಹೋದರರು 1930ರಲ್ಲಿ ಮೊಟೊರೊಲಾ ಹೆಸರಿನಲ್ಲಿ ತಂದ ಸೆಟ್ಟಿನಿಂದ ಕಾರ್ ರೇಡಿಯೊ ಜನಬಳಕೆಗೆ ಬಂತು. 1955ರಲ್ಲಿ ಟ್ರಾನ್ಸಿಸ್ಟರ್, 1960ರ ದಶಕದ ಕೊನೆಗೆ ಕ್ಯಾಸೆಟ್, 1984ರಲ್ಲಿ ಸಿ.ಡಿ. ಕಾರಿನೊಳಗೆ ಬಂದವು. ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿಗೆ ರೇಡಿಯೊ ಎಂದರೆ ಮೊದಲು ಹೈದರಾಬಾದಿನ ಡೆಕ್ಕನ್ ರೇಡಿಯೊ. ಊರಿಗೆ ತನ್ನದೇ ಆಕಾಶವಾಣಿ ಕೇಂದ್ರ ಬಂದದ್ದು 1966ರಲ್ಲಿ. ಆ ದಶಕಗಳ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ರೇಡಿಯೊ ಇದ್ದರೆ ಅದು ಮಾಲೀಕನ ಅಂತಸ್ತಿನ ಗುರುತು. ಜೊತೆಗೆ ಲೈಸೆನ್ಸ್ ಬೇರೆ ಮಾಡಿಸಬೇಕಿತ್ತು. ಆ ಲೈಸೆನ್ಸ್ ಪದ್ಧತಿ ಪೂರ್ತಿ ತೊಲಗಿದ್ದು 1980ರ ದಶಕದಲ್ಲಿ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಜೆನ್ 1993ರಲ್ಲಿ, ಸ್ಯಾಂಟ್ರೊ ಮತ್ತು ಇಂಡಿಕಾ 1998ರಲ್ಲಿ, ವ್ಯಾಗನ್ ಆರ್ 1999ರಲ್ಲಿ, ಆಲ್ಟೊ 2000ದಲ್ಲಿ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತರೂ ಕೆಎ-32 ಫಲಕ ಹೊತ್ತ ಹಳೆಯ ಗಾಡಿಗಳು ಇನ್ನೂ ರಸ್ತೆಯಲ್ಲಿವೆ. ಖಾಸಗಿ ಕಾರಿನ ನೋಂದಣಿಯ ಆಯುಸ್ಸು 15 ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಆ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಅಷ್ಟು ಕಟ್ಟಿ ಕಾರು ಉಳಿಸಿಕೊಂಡವರಿಗೆ ಹೊಸ ಸೆಟ್ಟಿನ ಖರ್ಚು ದೊಡ್ಡದೆನಿಸುವುದಿಲ್ಲ.

‘ಕಂಪನಿ ರೇಡಿಯೊ’ ಎಂಬ ಮಾತನ್ನು ಇಲ್ಲಿ ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಆ ಕಾಲದ ಅಗ್ಗದ ಮಾದರಿಗಳಲ್ಲಿ ಕಾರ್ಖಾನೆಯಿಂದ ರೇಡಿಯೊ ಬರುತ್ತಲೇ ಇರಲಿಲ್ಲ. ಕಿಂಡಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಕಳಿಸುತ್ತಿದ್ದರು. ಸೆಟ್ಟು, ಸ್ಪೀಕರು ಶೋರೂಮಿನಲ್ಲೋ ಹೊರಗಿನ ಅಂಗಡಿಯಲ್ಲೋ ಸೇರುತ್ತಿದ್ದವು. ಹಾಗಾಗಿ ಈಗ ಬಿಚ್ಚಿದಾಗ ಕಾಣುವುದು ಕಾರ್ಖಾನೆಯ ವೈರಿಂಗ್ ಎಂದು ನಂಬುವಂತಿಲ್ಲ. ಇಪ್ಪತ್ತು ವರ್ಷದಲ್ಲಿ ಮೂರು ಮಿಸ್ತ್ರಿಗಳ ಕೈ ದಾಟಿ, ಮೂರು ಬಗೆಯ ಟೇಪು ಸುತ್ತಿಸಿಕೊಂಡು ಕೂತ ಗಂಟೂ ಆಗಿರಬಹುದು.

ಕಿಂಡಿಯ ಅಳತೆ

ಕಾರ್ ರೇಡಿಯೊ ಕಿಂಡಿಗೆ ಜಗತ್ತಿನಾದ್ಯಂತ ಒಂದೇ ಅಳತೆ ತಂದುಕೊಟ್ಟದ್ದು ಜರ್ಮನಿಯ ‘ಡಿನ್’ ಮಾನಕ. 1984ರಲ್ಲಿ ಅದೇ ಐಎಸ್‌ಒ 7736 ಆಯಿತು. ಸಿಂಗಲ್ ಡಿನ್ ಕಿಂಡಿ 182 ಮಿ.ಮೀ. ಅಗಲ, 53 ಮಿ.ಮೀ. ಎತ್ತರ. ಡಬಲ್ ಡಿನ್ ಎಂದರೆ ಅಗಲ ಅಷ್ಟೇ, ಎತ್ತರ ಸುಮಾರು ಇಮ್ಮಡಿ. 800, ಹಳೆಯ ಆಲ್ಟೊ ಇವೆಲ್ಲ ಸಿಂಗಲ್ ಡಿನ್ ವಂಶ. 2005ರ ಸ್ವಿಫ್ಟ್, 2007ರ ಐ10ರ ಹೊತ್ತಿಗೆ ಮೇಲ್ದರ್ಜೆಯ ಮಾದರಿಗಳಲ್ಲಿ ಡ್ಯಾಶ್‌ಬೋರ್ಡಿನ ಮೈಗೆ ಬೆಸೆದಂತೆ ಕಾಣುವ ಸೆಟ್ಟುಗಳು ಬಂದವು. ಅವನ್ನು ತೆಗೆದರೆ ಉಳಿಯುವ ಬೋಳು ಬಾಯಿಗೆ ಆಯಾ ಮಾದರಿಯ ‘ಫ್ರೇಮ್’ ಬೇಕು.

ಸಿಂಗಲ್ ಡಿನ್ ಸೆಟ್ಟು ತಗಡಿನ ತೋಳಿನೊಳಗೆ ಕೂತಿರುತ್ತದೆ. ತೋಳನ್ನು ಕಿಂಡಿಗೆ ಸೇರಿಸಿ ಅದರ ಕಿವಿಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹೊರಕ್ಕೆ ಮಡಚಿದರೆ ಅದು ಅಲ್ಲಾಡದೆ ನಿಲ್ಲುತ್ತದೆ. ಸೆಟ್ಟನ್ನು ಹೊರಗೆಳೆಯಲು ಎರಡು ಪಕ್ಕಕ್ಕೂ ತೆಳು ತಗಡಿನ ಕೀ ತೂರಿಸಬೇಕು. ಆ ಕೀ ಯಾರ ಹತ್ತಿರವೂ ಉಳಿದಿರುವುದಿಲ್ಲ. ಸೈಕಲ್ ಸ್ಪೋಕಿನಲ್ಲೋ ಹ್ಯಾಕ್ಸಾ ಬ್ಲೇಡಿನ ತುಂಡಿನಲ್ಲೋ ಕೆಲಸ ನಡೆಯುತ್ತದೆ. ಸೆಟ್ಟಿನ ಬೆನ್ನಿಗೆ ಒಂದು ಬೋಲ್ಟು, ಅದಕ್ಕೆ ಆಸರೆಯ ಪಟ್ಟಿ ಇರಬೇಕು. ಇದನ್ನು ಹಾಕದೆ ಬಿಟ್ಟರೆ ತಗ್ಗು ಬಿದ್ದ ರಸ್ತೆಯಲ್ಲಿ ಸೆಟ್ಟು ಕುಣಿದು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಸೀಳುತ್ತದೆ.

ಸಿಂಗಲ್ ಡಿನ್ ಕಿಂಡಿಗೆ 9 ಇಂಚಿನ ಆಂಡ್ರಾಯ್ಡ್ ಪರದೆ ಕೂಡಿಸಲು ಡ್ಯಾಶ್‌ಬೋರ್ಡನ್ನೇ ಕತ್ತರಿಸುವುದುಂಟು. ಇದು ಮಾಡಬಾರದ ಕೆಲಸ. ಪರದೆ ಎ.ಸಿ. ಗಾಳಿಕಿಂಡಿಗೆ ಅಡ್ಡ ನಿಲ್ಲುತ್ತದೆ, ಕತ್ತರಿಸಿದ ಡ್ಯಾಶ್‌ಬೋರ್ಡು ಮತ್ತೆ ಕೂಡುವುದಿಲ್ಲ. ಏಪ್ರಿಲ್‌, ಮೇ ತಿಂಗಳ ಕಲಬುರಗಿಯಲ್ಲಿ ಗಾಳಿಕಿಂಡಿ ಮುಚ್ಚಿ ಪರದೆ ನೋಡುತ್ತ ಕೂರುವವರ ಧೈರ್ಯ ಮೆಚ್ಚಬೇಕು.

ವೈರಿಂಗ್

ಯಾವ ಸೆಟ್ಟಾದರೂ ಕೆಲಸ ಶುರುವಾಗಬೇಕಾದದ್ದು ಬಾನೆಟ್ಟಿನ ಕೆಳಗೆ, 10ರ ಪಾನಾದಿಂದ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚುವುದರಿಂದ. ಯುರೋಪ್ ಮೂಲದ ಕಂಪನಿಗಳ ಕೆಲವು ಸೆಟ್ಟುಗಳು ಕರೆಂಟ್ ತಪ್ಪಿದರೆ ಕಳ್ಳತನದ ಭಯಕ್ಕೆ ಬೀಗ ಹಾಕಿಕೊಂಡು ಕೋಡ್ ಕೇಳುತ್ತವೆ. ಹಳೆಯದನ್ನು ಮತ್ತೆ ಬಳಸುವ ಯೋಚನೆ ಇದ್ದರೆ ಆ ಕೋಡನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು.

ಹೊಸ ಸೆಟ್ಟಿನ ಬೆನ್ನಲ್ಲಿ ಬಣ್ಣಬಣ್ಣದ ವೈರುಗಳ ಗೊಂಚಲು. ಹಳದಿ ಸದಾ ಜೀವಂತ ಇರುವ ಬ್ಯಾಟರಿ ಲೈನ್. ಗಡಿಯಾರ, ಸ್ಟೇಷನ್ನುಗಳ ನೆನಪು ಉಳಿಯುವುದು ಇದರಿಂದ. ಕೆಂಪು, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನ್. ಕಪ್ಪು ಅರ್ಥ್. ನೀಲಿ ಏರಿಯಲ್ಲಿಗೆ ಅಥವಾ ಆಂಪ್ಲಿಫೈಯರಿಗೆ ಸನ್ನೆ ಕೊಡುವುದು. ಕಿತ್ತಳೆ ಹೆಡ್‌ಲೈಟ್ ಹಾಕಿದಾಗ ಪರದೆಯ ಬೆಳಕು ತಗ್ಗಿಸುವುದು. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರಿಗೆ. ಜೋಡಿಯಲ್ಲಿ ಕಪ್ಪು ಗೆರೆ ಇರುವುದು ಮೈನಸ್. ಬಣ್ಣಗಳ ಈ ಒಪ್ಪಂದ ಸೆಟ್ಟಿನ ಕಡೆಗೆ ಮಾತ್ರ ಲಾಗೂ. ಕಾರಿನ ಕಡೆಯ ವೈರುಗಳಿಗೆ ಪ್ರತಿ ಕಂಪನಿಯದೂ ಬೇರೆ ಬಣ್ಣ. ಬಣ್ಣಕ್ಕೆ ಬಣ್ಣ ಜೋಡಿಸಿದವನು ಫ್ಯೂಸ್ ಸುಟ್ಟುಕೊಳ್ಳುತ್ತಾನೆ.

ಮಲ್ಟಿಮೀಟರ್ ಇದ್ದರೆ ಇದೆಲ್ಲ ಐದು ನಿಮಿಷದ ಮಾತು. ಅಳೆಯುವಷ್ಟು ಹೊತ್ತು ಬ್ಯಾಟರಿ ಮತ್ತೆ ಜೋಡಿಸಿ, ಕಪ್ಪು ಕಡ್ಡಿಯನ್ನು ಬಾಡಿಯ ಬೋಲ್ಟಿಗೆ, ಕೆಂಪು ಕಡ್ಡಿಯನ್ನು ಒಂದೊಂದು ಪಿನ್ನಿಗೆ ಮುಟ್ಟಿಸುತ್ತ ಹೋಗಬೇಕು. ಕೀ ತೆಗೆದಾಗಲೂ 12 ವೋಲ್ಟ್ ತೋರಿಸುವುದು ಹಳದಿಗೆ, ಕೀ ತಿರುಗಿಸಿದಾಗ ಮಾತ್ರ ತೋರಿಸುವುದು ಕೆಂಪಿಗೆ. ಬರೀ ಟೆಸ್ಟ್ ಲ್ಯಾಂಪಿನಿಂದ ಇದನ್ನು ಪತ್ತೆ ಮಾಡುವ ಹಳೆಯ ಕೈಗಳೂ ಇವೆ. ಸ್ಪೀಕರ್ ಜೋಡಿ ಗುರುತಿಸಲು ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ಸಾಕು. ಎರಡು ತುದಿಗೆ ಕ್ಷಣ ಮುಟ್ಟಿಸಿದರೆ ಸ್ಪೀಕರ್ ‘ಟಪ್’ ಎನ್ನುತ್ತದೆ. ಅದರ ಕಾಗದ ಹೊರಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಾಗಿದ್ದು ಸ್ಪೀಕರಿನ ಪ್ಲಸ್ಸಿಗೆ.

ಈ ಜೋಡಣೆ ತಪ್ಪಿದಾಗ ಬರುವ ಕಾಯಿಲೆಗಳಿಗೆ ಸ್ಪಷ್ಟ ಲಕ್ಷಣಗಳಿವೆ. ಕೀ ತೆಗೆದಾಗಲೆಲ್ಲ ಸೆಟ್ಟು ಸ್ಟೇಷನ್ ಮರೆಯುತ್ತಿದ್ದರೆ ಹಳದಿ, ಕೆಂಪು ಅದಲುಬದಲಾಗಿವೆ, ಇಲ್ಲವೇ ಎರಡನ್ನೂ ಕೀ ಲೈನಿಗೇ ಕಟ್ಟಿದ್ದಾರೆ. ಎರಡನ್ನೂ ಸೇರಿಸಿ ಬ್ಯಾಟರಿ ಲೈನಿಗೆ ಕಟ್ಟಿದ್ದರೆ ಸೆಟ್ಟು ಪೂರ್ತಿ ಮಲಗುವುದೇ ಇಲ್ಲ, ಒಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ. ಲೆಕ್ಕ ಸರಳ. ಚಿಕ್ಕ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್ ಅವರ್. ಸೆಟ್ಟು ಸುಮ್ಮನಿದ್ದೂ 0.1 ಆಂಪಿಯರ್ ಕುಡಿಯುತ್ತಿದ್ದರೆ ದಿನಕ್ಕೆ 2.4 ಆಂಪಿಯರ್ ಅವರ್ ಹೋಯಿತು. ವಾರದಲ್ಲಿ ಬ್ಯಾಟರಿ ಅರ್ಧ ಖಾಲಿ. ಹೊಸ ಬ್ಯಾಟರಿಯಾದರೆ ತಾಳೀತು, ಮೂರು ಬೇಸಿಗೆ ಕಂಡ ಬ್ಯಾಟರಿ ತಾಳದು. ಹೆಡ್‌ಲೈಟ್ ಹಾಕಿದೊಡನೆ ಹಾಡು ತಡವರಿಸಿದರೆ ಅರ್ಥ್ ಸಡಿಲ. ಎಂಜಿನ್ ವೇಗಕ್ಕೆ ತಕ್ಕಂತೆ ‘ಕುಂಯ್’ ಎಂದು ಏರಿಳಿಯುವ ಸದ್ದು ಆಲ್ಟರ್ನೇಟರಿನದು. ಅದಕ್ಕೂ ಬಹುತೇಕ ಅರ್ಥೇ ಕಾರಣ.

ಬಹಳ ಹಳೆಯ ಕಾರುಗಳಲ್ಲಿ ಸ್ಪೀಕರಿನ ಒಂದು ತುದಿಯನ್ನು ಬಾಡಿಗೇ ಕಚ್ಚಿಸಿರುವುದುಂಟು. ಅಂದಿನ ಸೆಟ್ಟಿಗೆ ಅದು ನಡೆಯುತ್ತಿತ್ತು. ಇಂದಿನ ಸೆಟ್ಟಿನಲ್ಲಿ ಸ್ಪೀಕರಿನ ಎರಡೂ ತುದಿಗೆ ಆಂಪ್ಲಿಫೈಯರಿನಿಂದಲೇ ಕರೆಂಟ್ ಬರುತ್ತದೆ. ಒಂದು ತುದಿ ಬಾಡಿಗೆ ತಾಗಿದರೆ ಐ.ಸಿ. ಸುಡುತ್ತದೆ. ಇಂಥ ಕಾರಿಗೆ ಸೆಟ್ಟಿನಿಂದ ಸ್ಪೀಕರಿಗೆ ಹೊಸ ಜೋಡಿ ವೈರ್ ಎಳೆಯುವುದೊಂದೇ ದಾರಿ.

ಎಲ್ಲಕ್ಕಿಂತ ದೊಡ್ಡ ಅಪರಾಧ ಕಾರಿನ ಮೂಲ ಕಪ್ಲರನ್ನು, ಅಂದರೆ ವೈರುಗಳ ತುದಿಯ ಜೋಡಣೆಯನ್ನು, ಕತ್ತರಿಸಿ ಬಿಸಾಡುವುದು. ಪ್ರತಿ ಮಾದರಿಗೂ ಹೊಂದುವ ಕಪ್ಲರ್ ಜೋಡಿ ಮಾರುಕಟ್ಟೆಯಲ್ಲಿ ಸಿಗುತ್ತದೆ. ಒಂದು ತುದಿ ಕಾರಿನ ಕಪ್ಲರಿಗೆ, ಇನ್ನೊಂದು ಸೆಟ್ಟಿಗೆ. ಒಂದು ವೈರನ್ನೂ ಕತ್ತರಿಸಬೇಕಿಲ್ಲ. ಸೆಟ್ಟಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಕಪ್ಲರ್ ಸಿಗದೆ ವೈರ್ ಹೆಣೆಯಲೇಬೇಕಾಗಿ ಬಂದರೆ ಬೆಸುಗೆ ಹಾಕಿ, ಕಾಯಿಸಿದರೆ ಕುಗ್ಗುವ ತೋಳು ತೊಡಿಸಬೇಕು. ಮಾಮೂಲಿ ಕಪ್ಪು ಟೇಪಿನ ಅಂಟು ಇಲ್ಲಿನ ಬಿಸಿಲಿಗೆ ಕರಗಿ, ಎರಡು ಬೇಸಿಗೆಯಲ್ಲಿ ಸುತ್ತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಳಗಿನ ಬೆತ್ತಲೆ ತಾಮ್ರ ಎಲ್ಲಿ ತಾಗುತ್ತದೋ ಹೇಳಲಾಗದು.

ವ್ಯಾಟ್ ಲೆಕ್ಕ

ಡಬ್ಬಿಯ ಮೇಲೆ ‘50 ವ್ಯಾಟ್ × 4’ ಎಂದಿರುತ್ತದೆ. ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಅದರಿಂದ 4 ಓಮ್ ಸ್ಪೀಕರಿಗೆ ಶುದ್ಧವಾಗಿ ಕೊಡಬಹುದಾದ ಶಕ್ತಿ ಕಾಗದದ ಮೇಲೇ 26 ವ್ಯಾಟ್ ದಾಟದು, ಕೈಗೆ ಬರುವುದು 18ರಿಂದ 20. ಉಳಿದದ್ದು ಜಾಹೀರಾತು. ಅಷ್ಟೂ ಬೇಡ, 800ರಂಥ ಚಿಕ್ಕ ಕಾರಿಗೆ ಒಳ್ಳೆಯ ಸ್ಪೀಕರಿನ ಮೇಲೆ 15 ವ್ಯಾಟ್ ಬಂದರೆ ಕಿವಿ ತುಂಬುತ್ತದೆ. ಡ್ಯಾಶ್‌ಬೋರ್ಡಿನ 4 ಇಂಚಿನ ಹರಿದ ಸ್ಪೀಕರುಗಳನ್ನು ಹಾಗೆಯೇ ಬಿಟ್ಟು ಹೊಸ ಸೆಟ್ಟು ಕೊಳ್ಳುವುದು ವ್ಯರ್ಥ. ದುಡ್ಡು ಒಂದಕ್ಕೇ ಇದ್ದರೆ ಸ್ಪೀಕರಿಗೆ ಹಾಕುವುದು ಲೇಸು.

1107, 93.5, 90.8

ಕಲಬುರಗಿ ಆಕಾಶವಾಣಿಯ ಹಳೆಯ ವಿಳಾಸ ಮಧ್ಯಮ ತರಂಗದ (ಎ.ಎಂ.) 1107 ಕಿಲೋಹರ್ಟ್ಸ್. ಮೀಟರ್ ಲೆಕ್ಕದಲ್ಲಿ ಸುಮಾರು 271. ಎಫ್‌.ಎಂ.ನಲ್ಲಿ ಖಾಸಗಿ ರೆಡ್ ಎಫ್‌.ಎಂ. 93.5 ಮೆಗಾಹರ್ಟ್ಸ್‌ನಲ್ಲಿದೆ, ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ಸಮುದಾಯ ಬಾನುಲಿ ‘ಅಂತರ್ವಾಣಿ’ 90.8ರಲ್ಲಿದೆ. ಹೊಸ ಸೆಟ್ಟು ಈ ಮೂರನ್ನೂ ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲಿ ಕೇಳುವ ಗಿರಾಕಿ ಅಪರೂಪ.

ತೊಡಕು ಸೆಟ್ಟಿಂಗ್‌ನಲ್ಲಿದೆ. ಮಧ್ಯಮ ತರಂಗದಲ್ಲಿ ಭಾರತದ ಸ್ಟೇಷನ್ನುಗಳು 9 ಕಿಲೋಹರ್ಟ್ಸ್ ಅಂತರದ ಮೆಟ್ಟಿಲುಗಳ ಮೇಲೆ ಕೂತಿವೆ. 1975ರ ಜಿನೀವಾ ಒಪ್ಪಂದದ ಪ್ರಕಾರ ಏಷ್ಯಾ, ಯುರೋಪ್, ಆಫ್ರಿಕಾಗಳಿಗೆಲ್ಲ ಇದೇ ಕ್ರಮ. 1107 ಎಂದರೆ 9ರ 123 ಪಟ್ಟು. ಅಮೆರಿಕದ ಮೆಟ್ಟಿಲು 10ರದ್ದು. ಎಷ್ಟೋ ಸೆಟ್ಟುಗಳು ಪೆಟ್ಟಿಗೆಯಿಂದ ಹೊರಬರುವಾಗ ಅಮೆರಿಕ ಪ್ರಾಂತಕ್ಕೆ ಹೊಂದಿಸಿಕೊಂಡೇ ಬರುತ್ತವೆ. ಅಂಥದರಲ್ಲಿ ಹುಡುಕಿದರೆ 1100, ಆಮೇಲೆ ನೇರ 1110. ನಡುವಿನ 1107ರ ಮೇಲೆ ಸೆಟ್ಟು ನಿಲ್ಲುವುದೇ ಇಲ್ಲ, ‘ಎ.ಎಂ. ಬರಂಗಿಲ್ರೀ’ ಎಂದು ಮಾಲೀಕ ಕೈಬಿಡುತ್ತಾನೆ. ಎಫ್‌.ಎಂ.ನದೂ ಇದೇ ಗೋಳು. ಅಮೆರಿಕದ ಎಫ್‌.ಎಂ. ಸ್ಟೇಷನ್ನುಗಳ ಕೊನೆಯ ಅಂಕಿ ಯಾವಾಗಲೂ ಬೆಸ. ಹಾಗಾಗಿ 93.5 ಸಲೀಸಾಗಿ ಸಿಗುತ್ತದೆ, 90.8 ಸಿಗುವುದಿಲ್ಲ, 90.7ರಲ್ಲೋ 90.9ರಲ್ಲೋ ಗೊರಗೊರ ಕೇಳಿಸುತ್ತದೆ. ಒಂದು ಸ್ಟೇಷನ್ ಚೆನ್ನಾಗಿ ಬರುತ್ತಿರುವುದರಿಂದ ದೋಷ ಸೆಟ್ಟಿನದು ಎಂಬ ಅನುಮಾನವೇ ಬರುವುದಿಲ್ಲ, ಬೈಗುಳ ಸ್ಟೇಷನ್ನಿಗೆ ಹೋಗುತ್ತದೆ. ಮೆನುವಿನಲ್ಲಿ ಪ್ರಾಂತವನ್ನು ಏಷ್ಯಾ ಅಥವಾ ಯುರೋಪ್ ಎಂದು ಬದಲಿಸಿದರೆ ಎರಡೂ ಸರಿಹೋಗುತ್ತವೆ. ಕೆಲವು ಸೆಟ್ಟುಗಳಲ್ಲಿ ಆ ಮೆನು ಅಂಗಡಿಯವನ ಪಾಸ್‌ವರ್ಡಿನ ಹಿಂದಿರುತ್ತದೆ. ಹಣ ಕೊಡುವ ಮುಂಚೆಯೇ ಮಾಡಿಸಿಕೊಳ್ಳಬೇಕು.

ಅಗ್ಗದ ಆಂಡ್ರಾಯ್ಡ್ ಸೆಟ್ಟುಗಳಲ್ಲಿ ಮಧ್ಯಮ ತರಂಗವೇ ಇಲ್ಲದಿರುವುದೂ ಉಂಟು. ರೇಡಿಯೊ ಚೆನ್ನಾಗಿರುವ ಸೆಟ್ಟುಗಳನ್ನು ಬಲ್ಲವರು ಒಳಗಿನ ಚಿಪ್ ಹೆಸರು ಹಿಡಿದು ಕೇಳುತ್ತಾರೆ. ಎನ್‌ಎಕ್ಸ್‌ಪಿ ಕಂಪನಿಯ ಟಿಇಎಫ್ 6686 ಅವುಗಳಲ್ಲೊಂದು. ಸೆಟ್ಟಿನಲ್ಲಿ ಎ.ಎಂ. ಇದ್ದರೂ ಕಾರಿನೊಳಗಿನ ಮೊಬೈಲ್ ಚಾರ್ಜರ್, ಎಲ್‌ಇಡಿ ಹೆಡ್‌ಲೈಟ್, ಕೊನೆಗೆ ಆಂಡ್ರಾಯ್ಡ್ ಸೆಟ್ಟಿನ ಸ್ವಂತ ಪವರ್ ಸರ್ಕ್ಯೂಟ್ ಹೊರಡಿಸುವ ಗದ್ದಲ ಆ ತರಂಗದ ಮೇಲೇ ಬೀಳುತ್ತದೆ. 1107ಕ್ಕೆ ಹಚ್ಚಿಟ್ಟು ಒಂದೊಂದೇ ಚಾರ್ಜರ್ ಕೀಳುತ್ತ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಮಧ್ಯಮ ತರಂಗ ಹೋದರೆ ಹೋಗಲಿ ಎನ್ನುವುದು ನಗರದೊಳಗೆ ಸರಿ. ಹುಮನಾಬಾದ್ ರಸ್ತೆ ಹಿಡಿದು ಕಪನೂರು ಕೈಗಾರಿಕಾ ಪ್ರದೇಶ ದಾಟಿ ಕಮಲಾಪುರದತ್ತ ಹೊರಟವರಿಗೆ ಲೆಕ್ಕ ಬೇರೆಯಾಗುತ್ತದೆ. ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕ ಪಡೆದ ಈ ಊರು ಕಲಬುರಗಿಯಿಂದ ಸುಮಾರು 35 ಕಿ.ಮೀ. ಎಫ್‌.ಎಂ. ಅಲೆಗಳು ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲಿ ಸಾಗುವಂಥವು. 100 ಮೀಟರ್ ಎತ್ತರದ ಗೋಪುರದಿಂದ ಹೊರಟ ಅಲೆಗೆ ಕಾರಿನ ಏರಿಯಲ್ಲಿನ ಮಟ್ಟದಲ್ಲಿ ಸಮತಟ್ಟು ನೆಲದ ಮೇಲೂ ದಿಗಂತ ಸುಮಾರು 45 ಕಿ.ಮೀ.; ಏರುತಗ್ಗು, ಮರ, ಕಟ್ಟಡ ಅದನ್ನು ಇನ್ನಷ್ಟು ಮೊಟಕುಗೊಳಿಸುತ್ತವೆ. ಸಮುದಾಯ ಬಾನುಲಿಗೆ ನಿಯಮವೇ ಬೇಲಿ: ಹೊರಸೂಸುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು, ಆಂಟೆನಾ ಎತ್ತರ 30 ಮೀಟರ್ ಮೀರಬಾರದು. ಅದು ಊರ ಸುತ್ತಿನ ಹತ್ತು ಹದಿನೈದು ಕಿ.ಮೀ.ಗೆಂದೇ ಇರುವ ಧ್ವನಿ, ಕಮಲಾಪುರಕ್ಕೆ ತಲುಪುವ ಮಾತಿಲ್ಲ. ಮಧ್ಯಮ ತರಂಗ ಹಗಲಿನಲ್ಲಿ ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ. ಎರೆಭೂಮಿ ವಿದ್ಯುತ್ತನ್ನು ಚೆನ್ನಾಗಿ ಒಯ್ಯುವ ಮಣ್ಣು, ಮಳೆಗಾಲದಲ್ಲಂತೂ ಇನ್ನೂ ಚೆನ್ನಾಗಿ. ತೊಗರಿ ಬೆಳೆಯುವ ಈ ಬಯಲು ಅಂಥ ಅಲೆಗೆ ಹೇಳಿ ಮಾಡಿಸಿದ ಹಾದಿ. ರಾತ್ರಿ ಆಕಾಶದಿಂದ ಪುಟಿದು ಬರುವ ದೂರದ ಸ್ಟೇಷನ್ನುಗಳು ಮೇಲೆ ಬಿದ್ದು ಕೇಳ್ಮೆ ಕೆಡುತ್ತದೆ.

ಏರಿಯಲ್ ಬದಲಿಸುವವರು ಗಮನಿಸಬೇಕಾದದ್ದು ಒಂದಿದೆ. ಹಳೆಯ ಕಾರುಗಳ ಎಳೆದು ಉದ್ದ ಮಾಡುವ ಕಡ್ಡಿ ನೋಡಲು ಚಂದವಿಲ್ಲ, ಕೆಲಸಕ್ಕೆ ಅದೇ ಒಳ್ಳೆಯದು. ಅದನ್ನು ಕಿತ್ತು ಮೇಲೆ ಅಂಟಿಸುವ ಮೀನಿನ ರೆಕ್ಕೆಯಾಕಾರದ್ದರಲ್ಲಿ ಹಲವು ಬರೀ ಅಲಂಕಾರದ ಪ್ಲಾಸ್ಟಿಕ್. ಈಚಿನ ಕಾರುಗಳ ಗಿಡ್ಡ ಏರಿಯಲ್ಲಿನ ಬುಡದಲ್ಲಿ ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಹೊಸ ಸೆಟ್ಟಿನ ನೀಲಿ ವೈರಿನಿಂದ 12 ವೋಲ್ಟ್ ಕೊಡದಿದ್ದರೆ ನಗರದೊಳಗಿನ ಸರ್ದಾರ್ ಪಟೇಲ್ ವೃತ್ತದಲ್ಲಿ ನಿಂತರೂ ರೇಡಿಯೊ ಗೊಣಗುತ್ತದೆ. ಕಂಪನಿ ರೇಡಿಯೊ ಚೆನ್ನಾಗಿತ್ತು, ಹೊಸದರಲ್ಲಿ ಸ್ಟೇಷನ್ನೇ ಬರುವುದಿಲ್ಲ ಎಂಬ ದೂರಿನ ಮೂಲ ಬಹಳ ಸಲ ಜೋಡಿಸದೆ ಉಳಿದ ಈ ಒಂದು ವೈರು.

ಬಿಸಿಲು, ಧೂಳು

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಮುಟ್ಟಿದರೆ ಕೈ ಸುಡುತ್ತದೆ. ಅಗ್ಗದ ಟಚ್ ಪರದೆಯ ಗಾಜಿನ ಕೆಳಗಿನ ಅಂಟು ಗುಳ್ಳೆಯೇಳುವುದು, ಪರದೆಯ ಒಂದು ಅಂಚು ಬೆರಳಿಗೆ ಸ್ಪಂದಿಸದಿರುವುದು ಈ ಬಿಸಿಲಿನ ಫಲ. ಗುಂಡಿಗಳಿರುವ ಸಿಂಗಲ್ ಡಿನ್ ಸೆಟ್ಟಿಗೆ ಈ ಬಾಧೆಯಿಲ್ಲ. ಧೂಳು ಕ್ಯಾಸೆಟ್ಟಿನ ಹೆಡ್ಡನ್ನು, ಸಿ.ಡಿ.ಯ ಲೆನ್ಸನ್ನು ತಿಂದಷ್ಟು ಯು.ಎಸ್‌.ಬಿ. ಕಾಲದ ಸೆಟ್ಟನ್ನು ತಿನ್ನುವುದಿಲ್ಲ.

ಕಾಯಿದೆ, ವಿಮೆ

ಮೋಟಾರು ವಾಹನ ಕಾಯಿದೆಯ 52ನೇ ಕಲಮು ನೋಂದಣಿ ಪತ್ರದ ವಿವರಕ್ಕೆ ವ್ಯತ್ಯಾಸವಾಗುವಂಥ ಮಾರ್ಪಾಟನ್ನು ತಡೆಯುತ್ತದೆ. ರೇಡಿಯೊ ಆ ಪತ್ರದಲ್ಲಿಲ್ಲ, ಹಾಗಾಗಿ ಅದನ್ನು ಬದಲಿಸಲು ಆರ್‌ಟಿಒ ಕಚೇರಿ ಮೆಟ್ಟಿಲು ಹತ್ತಬೇಕಿಲ್ಲ. ಪರದೆಯಲ್ಲಿ ಸಿನಿಮಾ ಓಡಿಸುವ ಚಟ ಬೇರೆ ವಿಷಯ. ಸೆಟ್ಟಿನಲ್ಲಿ ಹ್ಯಾಂಡ್‌ಬ್ರೇಕಿಗೆ ಕಟ್ಟಬೇಕಾದ ಒಂದು ವೈರ್ ಇರುತ್ತದೆ; ಕಾರು ನಿಂತಾಗ ಮಾತ್ರ ವಿಡಿಯೊ ಕಾಣಲಿ ಎಂಬ ಏರ್ಪಾಡು. ಅದನ್ನು ನೇರ ಅರ್ಥಿಗೆ ಕಟ್ಟಿ ಬೀಗ ಮುರಿಯುವುದು ವಾಡಿಕೆಯಾಗಿಬಿಟ್ಟಿದೆ. ಗಿರಾಕಿ ಕೇಳಿದರೂ ಒಳ್ಳೆಯ ಮಿಸ್ತ್ರಿ ಒಪ್ಪಬಾರದು.

ಕಾರ್ಖಾನೆಯ ಬೆಲೆಯಲ್ಲಿ ಸೇರದ ಇಂಥ ವಿದ್ಯುತ್ ಸಲಕರಣೆಗೆ ವಿಮೆ ತಾನಾಗಿ ಸಿಗುವುದಿಲ್ಲ. ಭಾರತೀಯ ಮೋಟಾರ್ ಟ್ಯಾರಿಫಿನ ಐಎಂಟಿ 24ನೇ ಅನುಬಂಧದಡಿ ಅದರ ಬೆಲೆ ಘೋಷಿಸಿ, ಶೇ 4ರಷ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. 10,000 ರೂಪಾಯಿಯ ಸೆಟ್ಟಿಗೆ ವರ್ಷಕ್ಕೆ 400. ಹಳೆಯ ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಿದವರಿಗೆ ಸೆಟ್ಟು ಕಳವಾದರೆ ಏನೂ ಬರುವುದಿಲ್ಲ.

ಆಯ್ಕೆ ಮತ್ತು ಹಳೆಯ ಸೆಟ್ಟು

ಈ ಕಾರುಗಳಿಗೆ, ಈ ಊರಿಗೆ, ಹೆಚ್ಚು ಹೊಂದುವುದು ಬ್ಲೂಟೂತ್, ಯು.ಎಸ್‌.ಬಿ. ಇರುವ, 9 ಕಿಲೋಹರ್ಟ್ಸ್ ಮೆಟ್ಟಿಲಿನ ಎ.ಎಂ. ಉಳಿಸಿಕೊಂಡ ಸಿಂಗಲ್ ಡಿನ್ ಸೆಟ್ಟು. ದಾರಿ ತೋರಿಸಲು ಕೈಯಲ್ಲಿ ಫೋನ್ ಇದ್ದೇ ಇದೆ. ಅದಕ್ಕೊಂದು ಗಟ್ಟಿ ಹಿಡಿಕೆ ಸಾಕು. ಡಬಲ್ ಡಿನ್ ಜಾಗವಿರುವ ಕಾರಿನಲ್ಲಿ, ರಿವರ್ಸ್ ಕ್ಯಾಮೆರಾ ನಿಜಕ್ಕೂ ಬೇಕಿದ್ದಾಗ, ಪರದೆಗೆ ಅರ್ಥವಿದೆ.

ಕಳಚಿದ ಸೆಟ್ಟು ಕೆಟ್ಟಿರದಿದ್ದರೆ ಎಸೆಯುವಂಥದ್ದಲ್ಲ. ಹಳದಿ, ಕೆಂಪು ಎರಡನ್ನೂ ಸೇರಿಸಿ 12 ವೋಲ್ಟ್ ಬ್ಯಾಟರಿಯ ಪ್ಲಸ್ಸಿಗೆ ಫ್ಯೂಸ್ ಮೂಲಕ ಕೊಟ್ಟು, ಕಪ್ಪನ್ನು ಮೈನಸ್ಸಿಗೆ ಕಟ್ಟಿ, ಎರಡು ಸ್ಪೀಕರ್, ಎರಡು ಮೀಟರ್ ವೈರಿನ ಏರಿಯಲ್ ಜೋಡಿಸಿದರೆ ತೋಟದ ಮನೆಯಲ್ಲಿ 1107 ಸ್ವಚ್ಛವಾಗಿ ಕೇಳಿಸುತ್ತದೆ. ಸದ್ದು ಮಾಡುವ ಚಾರ್ಜರುಗಳು ಅಲ್ಲಿರುವುದಿಲ್ಲ. ಕಾರನ್ನು ಮುಂದೆ ಮಾರುವ ಯೋಚನೆ ಇದ್ದವರು ಮೂಲ ಸೆಟ್ಟು, ಮುಚ್ಚಳ, ಸ್ಕ್ರೂಗಳನ್ನು ಒಂದು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇಟ್ಟಿರಬೇಕು. ಪೂರ್ತಿ ಸತ್ತ ಸೆಟ್ಟು ರದ್ದಿಯವನ ಪಾಲಾಗದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಹೋಗುವುದು ಒಳ್ಳೆಯದು. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿರುತ್ತದೆ.